ಇಸಬೆಕನ ಕಥೆಗಳಿಗೆ ತುದಿ ಇರಲಿಲ್ಲ

ಇಸಬೆಕ್ ಕುದುರೆ ಏರಿ ಬರುವುದು ಕಂಡರೆ ನಮ್ಮ ಕಣಿವೆಯ ನಾಯಿಗಳೂ ಬೊಗಳುತ್ತಿರಲಿಲ್ಲ. ಬಾಲ ಮುದುರಿಕೊಂಡು ಗುಡಾರದ ಹಿಂದೆ ಹೋಗಿ ಮಲಗಿಬಿಡುತ್ತಿದ್ದವು. ಇದು ಸುಳ್ಳು ಎಂದು ನನ್ನ ಮೊಮ್ಮಕ್ಕಳು ಹೇಳುತ್ತಾರೆ. ಅವರು ಹುಟ್ಟಿದ್ದು ಮೊನ್ನೆ. ಆ ಕಾಲದ ನಾಯಿಗಳ ವಿಷಯ ಅವರಿಗೇನು ಗೊತ್ತು?

ಅವನೇನೂ ಕೆಟ್ಟ ಮನುಷ್ಯನಲ್ಲ. ಗುಡಾರದ ಮರದ ಜಾಲರಿ ಹೆಣೆಯುವುದು ಅವನ ಕಸುಬು. ಹಸಿ ಕೋಲುಗಳನ್ನು ಬಿಸಿ ಗೊಬ್ಬರದ ಗುಂಡಿಯಲ್ಲಿ ಹೂತು, ಮೆತ್ತಗಾದ ಮೇಲೆ ಮೊಣಕಾಲಿಗೆ ಒತ್ತಿ ಬಗ್ಗಿಸಿ, ಒಂಟೆಯ ಹಸಿಚರ್ಮದ ದಾರದಿಂದ ಗಂಟು ಹಾಕುತ್ತಿದ್ದ. ಅವನು ಕಟ್ಟಿದ ಗುಡಾರವನ್ನು ಒಂದು ವರ್ಷ ಬಿರುಗಾಳಿ ಎತ್ತಿಕೊಂಡು ಹೋಗಿ ಪಕ್ಕದ ಕಣಿವೆಯಲ್ಲಿ ಇಳಿಸಿತು. ಒಳಗಿದ್ದ ಮುದುಕಿಗೆ ಎಚ್ಚರವೂ ಆಗಲಿಲ್ಲ, ಬೆಳಿಗ್ಗೆ ಎದ್ದು ಹಾಲು ಕರೆಯಲು ಹೋದವಳು ಇವು ನಮ್ಮ ಕುದುರೆಗಳಲ್ಲವಲ್ಲ ಎಂದಳಂತೆ. ಅಷ್ಟು ಗಟ್ಟಿ ಕೆಲಸ.

ನಾಯಿಗಳು ಹೆದರುತ್ತಿದ್ದುದು ಅವನ ಇನ್ನೊಂದು ಕೆಲಸಕ್ಕೆ. ನಮ್ಮ ಕಿರ್ಗಿಜರಲ್ಲಿ ಸಾವನ್ನು ನೇರವಾಗಿ ಹೇಳುವ ಪದ್ಧತಿಯಿಲ್ಲ. ದೂರದಲ್ಲಿ ಯಾರಾದರೂ ತೀರಿಕೊಂಡರೆ, ಮನೆಯವರಿಗೆ ಸುದ್ದಿ ಮುಟ್ಟಿಸಲು ಹಿರಿಯರು ಕೂಡಿ ಹೋಗುತ್ತಾರೆ. ಹೋಗಿ, ಕೂತು, ಕೊಟ್ಟ ಕುಮಿಸ್, ಅಂದರೆ ಹುಳಿ ಬರಿಸಿದ ಕುದುರೆಹಾಲು, ಕುಡಿದು, ಅವರಲ್ಲಿ ಒಬ್ಬ ಕಥೆ ಶುರುಮಾಡುತ್ತಾನೆ. ಒಂದು ಗಿಡುಗ ಇತ್ತು ಎಂದೋ, ಒಂದು ದೊಡ್ಡ ಮರ ಇತ್ತು ಎಂದೋ. ಕೇಳುವವರು ಕೇಳುತ್ತ ಕೇಳುತ್ತ ತಾವೇ ಅದನ್ನು ತಲುಪುತ್ತಾರೆ. ನಮ್ಮ ಕಣಿವೆಯಲ್ಲಿ ಆ ಕಥೆ ಹೇಳುವವನು ಇಸಬೆಕ್.

ಆ ಕೆಲಸ ಅವನು ಕೇಳಿ ಪಡೆದದ್ದಲ್ಲ, ಕೊರಳಿಗೆ ಬಿದ್ದದ್ದು. ಅವನಿಗಿಂತ ಮೊದಲು ಆ ಕೆಲಸ ಮಾಡುತ್ತಿದ್ದ ಮುದುಕನಿಗೆ ಮುಂದಿನ ಹಲ್ಲುಗಳೆಲ್ಲ ಉದುರಿ, ಗಿಡುಗ ಎನ್ನುವಾಗೆಲ್ಲ ಬಾಯಿಂದ ಸಿಳ್ಳೆ ಬರತೊಡಗಿತು. ಸಾವಿನ ಮನೆಯಲ್ಲಿ ಜನ ಬಾಯಿಗೆ ತೋಳು ಅಡ್ಡ ಇಟ್ಟುಕೊಂಡು ನಗತೊಡಗಿದರು. ಆಗ ಹಿರಿಯರು ಸುತ್ತ ನೋಡಿದರು. ಇಸಬೆಕನಿಗೆ ಇನ್ನೂ ಮೀಸೆ ಸರಿಯಾಗಿ ಬಲಿತಿರಲಿಲ್ಲ, ಆದರೆ ಮಾತು ಚಿಕ್ಕಂದಿನಿಂದಲೂ ಊರು ಸುತ್ತಿ ಮನೆಗೆ ಬರುತ್ತಿತ್ತು. ಉಪ್ಪು ಬೇಕೆಂದರೆ ಮೊದಲು ಉಪ್ಪಿನ ಗುಡ್ಡದ ಸುದ್ದಿ, ಆಮೇಲೆ ಅದರ ಮೇಲಿನ ಮೋಡದ ಸುದ್ದಿ. ಇವನೇ ಸರಿ ಎಂದರು.

ಅವನು ಹೇಳುವುದನ್ನು ನಾನು ಒಮ್ಮೆ ಪಕ್ಕದಲ್ಲೇ ಕೂತು ಕೇಳಿದ್ದೇನೆ. ಒಬ್ಬ ಮುದುಕನ ತಮ್ಮ ನದಿ ದಾಟುವಾಗ ಹೋಗಿಬಿಟ್ಟಿದ್ದ. ಇಸಬೆಕ್ ಬಟ್ಟಲು ಕೆಳಗಿಟ್ಟು ಎರಡು ಬಾತುಗಳ ಕಥೆ ಎತ್ತಿದ. ಎರಡೂ ಸೇರಿ ಸರೋವರ ದಾಟುತ್ತಿದ್ದವಂತೆ. ಹಿಂದಿನದಕ್ಕೆ ಕಣ್ಣು ಮಂದ. ಮುಂದಿನದರ ರೆಕ್ಕೆಯ ಸದ್ದು ಹಿಡಿದೇ ಅದು ಹಾರುತ್ತಿತ್ತಂತೆ. ಒಂದು ದಿನ ಹಾರುತ್ತ ಹಾರುತ್ತ ಅದಕ್ಕೆ ತನ್ನ ರೆಕ್ಕೆಯ ಸದ್ದು ಮಾತ್ರ ಕೇಳಿತಂತೆ. ಅಷ್ಟು ಹೇಳಿ ಸುಮ್ಮನಾದ. ಮುದುಕ ಕೋಲಿನಿಂದ ಒಲೆಯ ಬೂದಿ ಕೆದಕಿದ. ಕೊನೆಗೆ, ಮುಂದಿನದು ಚಿಕ್ಕದಾ ಎಂದು ಕೇಳಿದ. ಇಸಬೆಕ್ ತಲೆ ತಗ್ಗಿಸಿದ. ಅಷ್ಟೇ.

ವಾಪಸು ಬರುವಾಗ ನಾನು ರೇಗಿಸಿದೆ: ನೇರ ಹೇಳಿದ್ದರೆ ಬಾತು ಹಾರುವ ತಾಪತ್ರಯವೇ ಇರುತ್ತಿರಲಿಲ್ಲ ಎಂದು. ಅವನು ತಡಿಯ ಮೇಲೆ ಅರ್ಧ ನಿದ್ದೆಯಲ್ಲಿದ್ದ. ಕಣ್ಣು ತೆರೆಯದೆ ಹೇಳಿದ:

"ಕುರಿ ಮಂದೇನ ಹಿಂದಿನಿಂದ ಅಟ್ಟಿ ನೀರಿಗೆ ಇಳ್ಸೋಕಾಗತ್ತಾ ಜಪಾರ್? ಮುಂದೆ ಒಂದು ಆಡು ಇಳೀಬೇಕು, ಆಗ ಕುರಿ ತಾವೇ ಇಳೀತಾವೆ. ಮನುಷ್ಯನ ತಲೇನೂ ಕುರಿ ಮಂದೇನೇ ಕಣೋ. ನಾನು ಆ ಆಡು. ದಿನಾ ತಣ್ಣೀರಿಗೆ ಮೊದಲು ಇಳಿಯೋನು."

ಜಪಾರ್ ಅಂದರೆ ನಾನೇ. ಆಗ ನಾನು ಕುರುಬ. ಕುರಿಗಳು ಸರ್ಕಾರದವು, ಕುರಿಗಳ ನೆಗಡಿ ಮಾತ್ರ ನಮ್ಮದು.

ಇಸಬೆಕನ ಹೆಂಡತಿ ಕೆಂಜೆಗೆ ಆ ಆಡಿನ ಮಾತು ಒಪ್ಪಿಗೆಯಿರಲಿಲ್ಲ. ಗಂಡನ ಕಥೆಗಳೇ ಸಾವನ್ನು ಹಗ್ಗ ಕಟ್ಟಿ ಎಳೆದು ತರುತ್ತವೆ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು. ಸುದ್ದಿ ಹೇಳಿ ಬಂದ ದಿನ ಹೊಳೆಯಲ್ಲಿ ಬಾಯಿ ಮುಕ್ಕಳಿಸದೆ ಅವನು ಹೊಸ್ತಿಲು ದಾಟುವಂತಿರಲಿಲ್ಲ. ಮನೆಯೊಳಗೆ ಕಥೆ ಎಂಬ ಮಾತೇ ಕೂಡದು. ಮಕ್ಕಳು ಅಪ್ಪನ ಬಾಯಿಂದ ಒಂದು ಕಥೆಯನ್ನೂ ಕೇಳದೆ ಬೆಳೆದು ದೊಡ್ಡವರಾದರು. ಅವರಿಗಾಗಿ ಅವನೂ ಹಟ ಮಾಡಲಿಲ್ಲ. ಆದರೆ ಮೊಮ್ಮಗಳು ಚಿನಾರ್ ಬಂದ ಮೇಲೆ ಅವನಿಗೆ ಒಂದು ಆಸೆ ಹತ್ತಿತು.

ಚಿನಾರಳಿಗೆ ಆಗ ಹಾಲುಹಲ್ಲು ಬೀಳುವ ವಯಸ್ಸು. ಅಜ್ಜ ಕಥೆ ಹೇಳು ಎಂದು ದಿನಾ ಅವನ ಕೋಟಿನ ತುದಿ ಹಿಡಿಯುತ್ತಿದ್ದಳು. ಕೆಂಜೆ ಒಲೆಯ ಬಳಿಯಿಂದಲೇ ಸೌಟು ಎತ್ತಿ ತೋರಿಸುತ್ತಿದ್ದಳು. ಹುಡುಗಿ ಮುಖ ಊದಿಸಿಕೊಂಡು ನಮ್ಮ ಗುಡಾರಕ್ಕೆ ಬರುತ್ತಿದ್ದಳು, ನಾನು ನನ್ನ ಮಾಮೂಲು ಸುಳ್ಳುಗಳನ್ನು ಬಿಡುತ್ತಿದ್ದೆ: ನಮ್ಮಪ್ಪ ಮೀಸೆಯಿಂದ ಕರಡಿಯನ್ನು ಕಟ್ಟಿಹಾಕಿದ್ದು, ಒಂದು ಚಳಿಗಾಲ ಮಾತುಗಳೆಲ್ಲ ಗಾಳಿಯಲ್ಲೇ ಹೆಪ್ಪುಗಟ್ಟಿ ವಸಂತದಲ್ಲಿ ಕರಗಿ ಊರ ತುಂಬ ಹಳೆಯ ಜಗಳ ಕೇಳಿಸಿದ್ದು. ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಇಸಬೆಕ್ ಹೊರಗೆ, ಕಂಬಳಿ ಗೋಡೆಗೆ ಬೆನ್ನು ಕೊಟ್ಟು, ಯಾವುದೋ ಕಡಿವಾಣ ಸರಿಮಾಡುವವನ ಹಾಗೆ ಕೂತು ಕೇಳಿಸಿಕೊಳ್ಳುತ್ತಿದ್ದ. ಆ ಕಡಿವಾಣ ಬೇಸಿಗೆಯಿಡೀ ಸರಿಹೋಗಲೇ ಇಲ್ಲ.

ಒಂದು ಸಂಜೆ ಅವನು ನನ್ನನ್ನು ಕೇಳಿದ: "ಕೊನೆ ಹೆಂಗೆ ಮಾಡ್ತೀಯೋ ನೀನು?"

ನನಗೆ ಅರ್ಥವಾಗಲಿಲ್ಲ. ಆಗ ಅವನು ಬಿಡಿಸಿ ಹೇಳಿದ. ಇಷ್ಟು ವರ್ಷ ಹೇಳಿದ ಕಥೆಗಳಲ್ಲಿ ಒಂದೂ ತುದಿ ಮುಟ್ಟಿಲ್ಲ. ನಡುವೆಯೇ ಕೇಳುವವರಿಗೆ ತಿಳಿದುಬಿಡುತ್ತದೆ, ನಡುವೆಯೇ ಅಳು ಏಳುತ್ತದೆ, ಕಥೆ ಅಲ್ಲೇ ಬಿದ್ದುಹೋಗುತ್ತದೆ. ಆ ಗಿಡುಗ ಆಮೇಲೆ ಏನಾಯಿತು, ಆ ಬಾತು ದಡ ಸೇರಿತೋ ಇಲ್ಲವೋ, ಯಾರೂ ಕೇಳಿದವರಿಲ್ಲ, ಅವನಿಗೂ ಗೊತ್ತಿಲ್ಲ. ಸಾಯುವುದರೊಳಗೆ ಒಂದು ಕಥೆಯನ್ನು ಆ ಹುಡುಗಿಗೆ ಪೂರ್ತಿ ಹೇಳಬೇಕು, ಅವಳು ಕೊನೆಯಲ್ಲಿ ನಗಬೇಕು. ಅಷ್ಟೇ ಅವನಿಗೆ ಬೇಕಾಗಿದ್ದದ್ದು.

"ಕೊನೆ ನಾನು ಮಾಡಲ್ಲಪ್ಪ," ಎಂದೆ ನಾನು. "ಹುಡುಗಿ ನಿದ್ದೆಹೋದ್ಲು ಅಂದ್ರೆ ಅದೇ ಕೊನೆ."

ಅವನು ಅದನ್ನು ನಂಬಲಿಲ್ಲ. ನನ್ನ ಕಸುಬಿನ ಗುಟ್ಟು ಬಚ್ಚಿಡುತ್ತಿದ್ದೇನೆ ಎಂದುಕೊಂಡ.

ಆ ಬೇಸಿಗೆಯಲ್ಲೇ ನಾನು ಸತ್ತದ್ದು.

ಬಲಿತ ಕುರಿಗಳನ್ನು ಕಣಿವೆಯಾಚೆಗೆ ತೂಕದ ಅಂಗಳಕ್ಕೆ ಹೊಡೆದುಕೊಂಡು ಹೋಗಿದ್ದೆ. ನಾಡಿದ್ದು ಬರುತ್ತೇನೆ ಎಂದು ಹೆಂಡತಿ ಬುರ್ಮಾಗೆ ಹೇಳಿದ್ದೆ. ವಾಪಸು ಬರುವಾಗ ಕುದುರೆಯ ಗೊರಸಿಗೆ ಕಲ್ಲು ಹೊಡೆದು ಅದು ಕುಂಟತೊಡಗಿತು. ದಾರಿಯಲ್ಲಿ ತೋಳಗಳೂ ಎದುರಾದವು. ಅವು ನನ್ನನ್ನು ಸುತ್ತಿ ನೋಡಿ, ತಮ್ಮೊಳಗೆ ಮಾತಾಡಿಕೊಂಡು, ಇವನಲ್ಲಿ ಏನೂ ಇಲ್ಲ ಎಂದು ಹೊರಟುಹೋದವು. ಅವಮಾನವೇ, ಆದರೆ ಜೀವ ಉಳಿಯಿತು. ಹೀಗೆ ನಾಡಿದ್ದು ಹೋಗಿ ಆಚೆ ನಾಡಿದ್ದೂ ಆಯಿತು. ಬುರ್ಮಾ ದಿನಕ್ಕೆ ಹತ್ತು ಸಲ ಹೊರಬಂದು ಘಾಟಿಯ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳಂತೆ. ಕನಸಿನಲ್ಲಿ ನನ್ನ ಟೋಪಿ ನೀರಿನ ಮೇಲೆ ತೇಲಿತಂತೆ. ಅಂದರೆ ಅರ್ಧ ಕಥೆ ಅವಳ ತಲೆಯಲ್ಲಿ ಆಗಲೇ ತಯಾರಾಗಿತ್ತು.

ಅತ್ತ ಇಸಬೆಕನ ಬೂದು ಬಣ್ಣದ ಹೆಣ್ಣುಕುದುರೆ ಗೂಟ ಕಿತ್ತುಕೊಂಡು ಹೋಗಿತ್ತು. ಒಂದು ಕಿವಿ ಹರಿದ, ಹಟಮಾರಿ ಕುದುರೆ. ಚಿನಾರ್ ಕುಡಿಯುತ್ತಿದ್ದುದು ಅದರದೇ ಹಾಲು. ಇಸಬೆಕ್ ಬೇರೆಯವರ ಮುದಿ ಕುದುರೆ ಕೇಳಿ ತಂದು, ಬೆಳಗಿನಿಂದ ಎಲ್ಲ ಕೊರಕಲುಗಳನ್ನೂ ಸುತ್ತಿ, ಹಸಿದು, ನಮ್ಮ ಗುಡಾರದ ಕಡೆ ತಿರುಗಿಸಿದ. ಒಂದು ಬಟ್ಟಲು ಕುಮಿಸ್ ಕುಡಿದು ಸ್ವಲ್ಪ ಬೆನ್ನು ಚಾಚಬೇಕು, ನನ್ನ ಹೆಂಡತಿಯನ್ನು ಕುದುರೆ ಕಂಡೆಯಾ ಎಂದು ಕೇಳಬೇಕು. ಅಷ್ಟೇ ಅವನ ಲೆಕ್ಕ.

ದಾರಿಯಲ್ಲಿ ಸುಯುನ್ ಎಂಬ ಮುದುಕ ಎದುರಾದ. ಅವನು ಗಡ್ಡದ ಕ್ಷೌರಕ್ಕೋ ಎಲ್ಲಿಗೋ ಹೊರಟಿದ್ದ. ಇಸಬೆಕ್ ಮುಖ ಬಾಡಿಸಿಕೊಂಡು ಘಾಟಿಯ ಬುಡದ ನಮ್ಮ ಗುಡಾರದ ಕಡೆ ಹೋಗುವುದನ್ನು ಕಂಡ. ಜಪಾರ್ ಇನ್ನೂ ಬಂದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಇಂಥ ಕೆಲಸಕ್ಕೆ ಒಬ್ಬನನ್ನೇ ಕಳಿಸುವುದು ಸರಿಯಲ್ಲ ಎಂದು, ಏನೂ ಕೇಳದೆ ಕುದುರೆ ತಿರುಗಿಸಿ ಪಕ್ಕಕ್ಕೆ ಸೇರಿಕೊಂಡ. ಕೇಳುವುದು ಮರ್ಯಾದೆಯಲ್ಲ. ಸ್ವಲ್ಪ ಮುಂದೆ ಕಲಿಲ್ ಎಂಬ ಇನ್ನೊಬ್ಬ ಮುದುಕ ಇಬ್ಬರನ್ನೂ ಕಂಡ. ಸುಯುನ್ ಕೂಡ ಹೊರಟಿದ್ದಾನೆ ಅಂದಮೇಲೆ ಸುದ್ದಿ ಖಚಿತ ಎಂದು ಅವನೂ ಸೇರಿದ. ಇಸಬೆಕ್ ಮಾತ್ರ, ಈ ಮುದುಕರಿಗೆ ಬಿಟ್ಟಿ ಕುಮಿಸಿನ ವಾಸನೆ ಎಷ್ಟು ದೂರದಿಂದ ಹತ್ತುತ್ತದೆ ಎಂದು ಒಳಗೇ ಬೈದುಕೊಂಡು, ದಣಿವಿಗೆ ಸುಮ್ಮನಿದ್ದ. ಮೂವರೂ ಒಂದು ಮಾತಾಡದೆ ಬಂದರು.

ಬುರ್ಮಾ ಬಾಗಿಲಲ್ಲಿ ನಿಂತು ನೋಡಿದಳು. ಮೂರು ಬಿಳಿ ಕಂಬಳಿ ಟೋಪಿ, ನಡುವಿನದು ಇಸಬೆಕನದು. ನಾಯಿ ಬೊಗಳಲಿಲ್ಲ.

ಅವಳು ಒಳಗೆ ಕರೆದು ಕೂರಿಸಿ ಬಟ್ಟಲಿಗೆ ಕುಮಿಸ್ ಹಾಕಿದಳು. ಅರ್ಧ ಬಟ್ಟಲಿಗೆ ಹೋಯಿತು, ಅರ್ಧ ನೆಲಕ್ಕೆ. ಏನು ಬಂದಿರಿ ಎಂದು ಕೇಳಿದಳು. ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ನನ್ನ ಕುದುರೆ ಕಳೆದಿದೆ ತಾಯಿ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದರು. ಇಸಬೆಕನ ನಾಲಿಗೆಗೆ ನೇರ ದಾರಿ ಮರೆತು ಎಷ್ಟೋ ಕಾಲವಾಗಿತ್ತು. ಅವನು ಬಟ್ಟಲು ಕೆಳಗಿಟ್ಟ, ಟೋಪಿಯನ್ನು ಹಿಂದಕ್ಕೆ ಸರಿಸಿದ, ನಿಟ್ಟುಸಿರು ಬಿಟ್ಟ. ಸುಸ್ತಿನ ನಿಟ್ಟುಸಿರು ಅದು.

"ಒಂದು ಕುದುರೆ ಇತ್ತಮ್ಮ," ಎಂದ. "ಹಟಮಾರಿ. ಆದ್ರೆ ಒಳ್ಳೇದು. ನನ್ನ ಕೈಯಿಂದಾನೇ ತಿಂದು ಬೆಳೆದಿದ್ದು. ಕತ್ತು ತಿರುಗಿಸಿ ಕೂಡ ನೋಡದೆ ಹೋಗ್ಬಿಟ್ತು. ಘಾಟಿ ಕಡೆ ನೋಡಿದೆ. ಹೊಳೆ ಕಲ್ಲುಗಳ ಮಧ್ಯ ನೋಡಿದೆ."

ಸುಯುನ್ ತಲೆ ತಗ್ಗಿಸಿದ. ಕಲಿಲ್ ಎರಡೂ ಅಂಗೈಯಿಂದ ಮುಖ ಸವರಿಕೊಂಡು ಆಮೀನ್ ಎಂದ. ಬುರ್ಮಾ ತಲೆಯ ಬಟ್ಟೆ ಕಿತ್ತು, ಜಡೆ ಬಿಚ್ಚಿ, ನೆಲಕ್ಕೆ ಕುಸಿದಳು.

ಇಸಬೆಕ್ ಗಾಬರಿಯಾಗಿ ತಿದ್ದಲು ನೋಡಿದ. ಇಲ್ಲಮ್ಮ, ನಾನು ನಿಜವಾಗಿಯೂ ಕುದುರೆಯ ವಿಷಯವೇ ಹೇಳುತ್ತಿರುವುದು, ಬರೀ ಕುದುರೆ ಎಂದ. ಆದರೆ ನೋಡಿ, ನಮ್ಮಲ್ಲಿ ಆ ಗಳಿಗೆಯಲ್ಲಿ ಎಲ್ಲ ಹೆಂಗಸರೂ ಬೇಡಿಕೊಳ್ಳುವುದು ಅದನ್ನೇ: ಬರೀ ಗಿಡುಗ ಅನ್ನು, ಬರೀ ಮರ ಅನ್ನು. ಅವಳಿಗಾಗಿ ಅವನು ಹಾಗೆ ಹೇಳುತ್ತಿದ್ದಾನೆ ಎಂದುಕೊಂಡು ಅವಳು ಇನ್ನೂ ಜೋರಾಗಿ ಅತ್ತಳು. ಕಲಿಲ್ ಅವನ ಮೊಣಕಾಲು ಒತ್ತಿ, "ಸಾಕು ಇಸಬೆಕ್, ಅವಳಿಗೆ ತಿಳೀತು. ಚೆನ್ನಾಗಿ ಹೇಳ್ದೆ," ಎಂದ.

ಆ ಮೇಲೆ ಆದದ್ದೇ ನನಗೆ ಇವತ್ತಿಗೂ ಸೋಜಿಗ. ಅಳು ಕೇಳಿ ಸುತ್ತಲಿನ ಗುಡಾರಗಳಿಂದ ಹೆಂಗಸರು ಓಡಿಬಂದರು. ಗಂಡಸರು ಸೊಂಟಕ್ಕೆ ಪಟ್ಟಿ ಬಿಗಿದು, ಕೋಲಿಗೆ ಒರಗಿ ಬಾಗಿಲಲ್ಲಿ ಸಾಲಾಗಿ ನಿಂತರು. ಸುಯುನ್ ಮುದುಕನಿಗೆ ಇಸಬೆಕ್ ಹೇಳಿದ್ದಾನೆಂದು ಗೊತ್ತು, ಇಸಬೆಕನಿಗೆ ಸುಯುನ್ ತಲೆ ತಗ್ಗಿಸಿದ್ದು ಗೊತ್ತು. ಇವರಿಗೆ ಎಲ್ಲಿಂದಲೋ ನಿಜವಾದ ಸುದ್ದಿ ಬಂದಿರಬೇಕು, ಇಲ್ಲದಿದ್ದರೆ ಆಮೀನ್ ಎನ್ನುತ್ತಿದ್ದರೇ ಎಂದು ಇಸಬೆಕನಿಗೇ ಅನುಮಾನ ಹತ್ತಿತು. ಆಮೇಲೆ ನನಗೆ ಹೇಳಿದ: ಜಪಾರ್, ಸ್ವಲ್ಪ ಹೊತ್ತಿಗೆ ನೀನು ಹೇಗೆ ಬಿದ್ದೆ ಅನ್ನುವುದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣತೊಡಗಿತು, ಬಂಡೆಯ ಬಣ್ಣ ಸಮೇತ. ಅವನೂ ಕೂತು ಅತ್ತ. ಇಷ್ಟು ವರ್ಷ ಸಾವಿನ ಮನೆಯಲ್ಲಿ ಕಣ್ಣೀರು ಹಾಕದಿದ್ದ ಮನುಷ್ಯ, ಯಾರೂ ಸಾಯದ ಮನೆಯಲ್ಲಿ ಅತ್ತ. ನನ್ನ ಹೆಣ ತರಲು ಯುವಕರು ಘಾಟಿಯ ಮೇಲುದಾರಿ ಹಿಡಿದು ಹೊರಟರು. ಬಂದವರ ಊಟಕ್ಕೆ ನನ್ನ ಕೊಬ್ಬಿದ ಕೆಂಚು ಕುದುರೆಯನ್ನು ಕೊಯ್ದರು.

ನಾನು ಬಂದದ್ದು ಮಾರನೆಯ ದಿನ, ಕೆಳದಾರಿಯಿಂದ. ಕುಂಟುವ ಕುದುರೆಯನ್ನು ಒಬ್ಬ ಕುರುಬನ ಹತ್ತಿರ ಬಿಟ್ಟು, ತಡಿ ಹೆಗಲಿಗೇರಿಸಿ ನಡೆಯುತ್ತಿದ್ದಾಗ, ಉಪ್ಪುಮಣ್ಣಿನ ಇಳಿಜಾರಿನಲ್ಲಿ ಹರಿದ ಕಿವಿಯ ಬೂದು ಕುದುರೆ ಮಣ್ಣು ನೆಕ್ಕುತ್ತ ನಿಂತಿತ್ತು. ಇಸಬೆಕನದು ಎಂದು ಒಂದೇ ನೋಟಕ್ಕೆ ತಿಳಿಯಿತು. ಹಿಡಿದು, ತಡಿ ಹಾಕಿ ಏರಿದೆ. ಗುಡ್ಡ ಇಳಿಯುವಾಗ ನಮ್ಮ ಗುಡಾರದ ಮುಂದೆ ಕುದುರೆಗಳ ಸಾಲು, ದೊಡ್ಡ ಹಂಡೆಯ ಹೊಗೆ ಕಂಡಿತು. ಮನೆಯಲ್ಲಿ ಇದ್ದವಳು ಬುರ್ಮಾ ಒಬ್ಬಳೇ.

ನಮ್ಮಲ್ಲಿ ಸಾವಿನ ಮನೆಗೆ ಗಂಡಸರು ಕುದುರೆ ಓಡಿಸಿಕೊಂಡು, ಅಯ್ಯೋ ನನ್ನ ಕರುಳೇ ಎಂದು ಗಟ್ಟಿಯಾಗಿ ಅಳುತ್ತಲೇ ಹೋಗಬೇಕು. ದೂರದ ನೆಂಟರ ಒಂದು ಗುಂಪು ಹಾಗೇ ಹೋಗುತ್ತಿತ್ತು. ನಾನೂ ಅವರ ಧೂಳಿನಲ್ಲಿ ಸೇರಿಕೊಂಡು, ಅಯ್ಯೋ ನನ್ನ ಕರುಳೇ ಎಂದು ಅಳುತ್ತ ಓಡಿಸಿದೆ. ಇಳಿಯುವಾಗ ಪಕ್ಕದವನನ್ನು ಯಾವಾಗ ಆಯಿತು ಎಂದು ಕೇಳಿದೆ. ಅವನು ಕಣ್ಣೊರೆಸಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದ:

"ಯಾವಾಗ ಅಂತ ಗೊತ್ತಿಲ್ಲಪ್ಪ. ಘಾಟೀಲಿ ಬಿದ್ನಂತೆ ಜಪಾರ್. ಒಳ್ಳೇ ಮನುಷ್ಯ. ಸುಳ್ಳ, ಆದ್ರೆ ಒಳ್ಳೇ ಮನುಷ್ಯ."

ಒಳಗೆ ಬುರ್ಮಾ ಹಾಡಿ ಅಳುತ್ತಿದ್ದಳು. ಗಂಡ ಸತ್ತರೆ ಹೆಂಡತಿ ಗೋಡೆಗೆ ಮುಖ ಮಾಡಿ ಕೂತು ಅವನ ಬಾಳನ್ನೆಲ್ಲ ಹಾಡಬೇಕು. ನಾನು ಕಂಬಳಿ ಗೋಡೆಗೆ ಕಿವಿ ಹಚ್ಚಿದೆ. ಹುಡುಗನಾಗಿದ್ದಾಗ ಒಂದು ಸೇಬು ಕೊಡಲು ಹಿಮದಲ್ಲಿ ನಡೆದು ಬಂದದ್ದು, ದಾರಿಯಲ್ಲಿ ಹಸಿವಾಗಿ ಅರ್ಧ ತಿಂದದ್ದು, ಉಳಿದರ್ಧವನ್ನು ಕರಡಿ ಕಚ್ಚಿತು ಎಂದು ಸುಳ್ಳು ಹೇಳಿದ್ದು. ಆ ಸುಳ್ಳು ಅವಳಿಗೆ ಅವತ್ತೇ ಗೊತ್ತಿತ್ತಂತೆ. ನನಗೇ ಮರೆತುಹೋಗಿದ್ದ ಎಷ್ಟೋ ದಿನಗಳು ಒಂದರ ಹಿಂದೆ ಒಂದು ಸಾಲಾಗಿ ಬಂದವು. ನನ್ನ ಬಾಳು ಇಷ್ಟು ಒಪ್ಪವಾಗಿತ್ತು ಎಂದು ನನಗೆ ತಿಳಿದಿರಲೇ ಇಲ್ಲ. ಇಷ್ಟು ವರ್ಷ ಬೈಸಿಕೊಂಡ ಮೇಲೆ ಅವಳ ಬಾಯಲ್ಲಿ ನಾನು ಒಳ್ಳೆಯವನಾಗಲು ಸಾಯಬೇಕಾಯಿತು. ಪೂರ್ತಿ ಕೇಳಿಯೇ ಒಳಗೆ ಹೋಗೋಣ ಎಂದು ನಿಂತಿದ್ದೆ. ಅಷ್ಟರಲ್ಲಿ ಕಲಿಲ್ ಮುದುಕ ತಿರುಗಿ ನೋಡಿದ.

ಅವನ ಕೈಯ ಕೋಲು ಬಿತ್ತು. ಆಮೇಲಿನ ಗದ್ದಲವನ್ನು ನಾನು ವರ್ಣಿಸುವುದಿಲ್ಲ. ಬುರ್ಮಾ ಹೊರಗೆ ಬಂದು ನನ್ನ ಮುಖ ಮುಟ್ಟಿ ನೋಡಿದಳು, ಕಿವಿ ಹಿಡಿದು ನೋಡಿದಳು, ಆಮೇಲೆ ಕೆಂಚು ಕುದುರೆಯ ದಂಡ ಎಂದು ನನ್ನ ಎದೆಗೆ ಒಂದು ಗುದ್ದಿದಳು.

ಜನ ನನ್ನನ್ನು ಬಿಟ್ಟು ಇಸಬೆಕನ ಕಡೆ ತಿರುಗಿದರು. ಬದುಕಿದ್ದವನನ್ನು ಸಾಯಿಸಿದ ಎಂದು ಇಬ್ಬರು ಚಾವಟಿ ಎತ್ತಿಕೊಂಡರು. ಸುಯುನ್ ಮತ್ತು ಕಲಿಲ್ ಒಬ್ಬರ ಹಿಂದೆ ಒಬ್ಬರು ಅಡಗಲು ನೋಡುತ್ತಿದ್ದರು. ಇಸಬೆಕ್ ಒಲೆಯ ಬಳಿ ಕೂತಲ್ಲೇ ಕೂತಿದ್ದ. ನನ್ನನ್ನು ಕಂಡು ಅವನಿಗೆ ಸಂತೋಷವಾಯಿತೋ ಇಲ್ಲವೋ ಹೇಳುವಂತಿರಲಿಲ್ಲ. ಮುಖದಲ್ಲಿ ಸುಸ್ತು ಒಂದೇ ಇತ್ತು. ನಾನು ಕುದುರೆ ವಿಷಯ ಹೇಳುತ್ತಿದ್ದೆ ಎಂದು ಮೆಲ್ಲಗೆ ಹೇಳಿದ. ಯಾರೂ ಕಿವಿಗೊಡಲಿಲ್ಲ. ನಾನು ಚಾವಟಿಯವರನ್ನು ಸರಿಸಿ ಅವನ ಎದುರು ಕೂತೆ. ಸತ್ತವನು ನಾನು, ಮೊದಲ ಮಾತು ನನ್ನದು ಎಂದೆ.

"ಸರಿ, ಕುದುರೆ ಕತ್ತು ತಿರುಗಿಸದೆ ಹೋಯ್ತು. ಆಮೇಲೆ ಏನಾಯ್ತು ಇಸಬೆಕ್?"

ಅವನು ಬಾಯಿ ತೆರೆದ. ಅವನ ಕಥೆಗೆ ಆಮೇಲೆ ಎಂದು ಕೇಳಿದವನು ನಾನೇ ಮೊದಲಿಗ. ಬಾಯಿ ಮುಚ್ಚಿದ, ಮತ್ತೆ ತೆರೆದ. ಆ ಕಣ್ಣು ನೋಡಲಾರದೆ ನಾನೇ ಹೇಳಿದೆ:

"ಹೊರಗೆ ಕಟ್ಟಿದೀನಿ. ಹೋಗಿ ನೋಡು."

ಅವನು ಎದ್ದು ಹೋದ. ಬೂದು ಕುದುರೆಯ ಕತ್ತಿಗೆ ಹಣೆ ಒತ್ತಿ ನಿಂತ. ತುಂಬ ಹೊತ್ತು ಹಾಗೇ ನಿಂತ. ಅಳುತ್ತಿದ್ದಾನೆ ಎಂದುಕೊಂಡು ಹತ್ತಿರ ಹೋದರೆ ಸಣ್ಣಗೆ ಗೊರಕೆ ಕೇಳಿಸಿತು. ಯಾರೋ ನಕ್ಕರು, ಮತ್ತೆ ಎಲ್ಲರೂ ನಕ್ಕರು. ಹಂಡೆಯಲ್ಲಿ ಮಾಂಸ ಬೆಂದಿತ್ತು. ನನ್ನ ತಿಥಿ ಊಟಕ್ಕೆ ನಾನೇ ಮೊದಲ ಪಂಕ್ತಿಯಲ್ಲಿ ಕೂತೆ. ಕೆಂಚು ಕುದುರೆ ರುಚಿಯಾಗಿತ್ತು.

ಸಂಜೆಯೊಳಗೆ ಇಸಬೆಕನನ್ನು ಮನೆ ಮುಟ್ಟಿಸಲು ನಾನೂ ಹೊರಟೆ. ಕೆಂಜೆ ಈ ಸಲ ಅವನನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳ ಕಣ್ಣೆದುರು ಸಾಕ್ಷಿಗೆ ಒಬ್ಬ ಜೀವಂತ ಹೆಣ ಇರಲಿ ಎಂದು ನಾನು ಹೋದದ್ದು. ದಾರಿಯಲ್ಲಿ ಅವನು ಒಂದೇ ಮಾತು ಆಡಿದ. ಇನ್ನು ಮೇಲೆ ನಾನು ಗಾಳಿ ಬೀಸುತ್ತಿದೆ ಎಂದರೂ ಯಾರೋ ಜಡೆ ಬಿಚ್ಚುತ್ತಾರೆ, ಆ ಹುಡುಗಿಗೆ ಕಥೆ ಹೇಳುವ ಆಸೆ ಇವತ್ತಿಗೆ ಮುಗಿಯಿತು ಎಂದ.

ಸುದ್ದಿ ನಮಗಿಂತ ಮುಂಚೆ ಹೋಗಿತ್ತು. ಕೆಂಜೆ ಗುಡಾರದ ಮುಂದೆ ಗಟ್ಟಿಮೊಸರಿನ ಉಂಡೆ ಕಟ್ಟಿ ಹಲಗೆಯ ಮೇಲೆ ಒಣಗಲು ಇಡುತ್ತಿದ್ದಳು. ಚಿನಾರ್ ಉಂಡೆ ಕದಿಯುತ್ತಿದ್ದಳು. ಇಸಬೆಕ್ ಕುದುರೆಯಿಂದ ಇಳಿದು, ಅಭ್ಯಾಸದಂತೆ ಬಾಯಿ ಮುಕ್ಕಳಿಸಲು ಹೊಳೆಯ ಕಡೆ ಹೊರಟ. ಕೆಂಜೆ ತಲೆಯೆತ್ತದೆ ಮಾತು ಎಸೆದಳು:

"ಎಲ್ಲಿಗೆ? ಬಾ ಈ ಕಡೆ. ನೀನು ಕಥೆ ಹೇಳ್ದೆ. ಊರೆಲ್ಲ ಅತ್ತಿತು. ಕುದುರೆ ಕೊಯ್ದ್ರು. ಇಷ್ಟಾದ್ರೂ ಈ ಸುಳ್ಳಮುದುಕ ಕಲ್ಲುಗುಂಡಿನ ಹಾಗೆ ಬಂದು ನಿಂತಿದಾನೆ. ಅಂದ್ರೆ ನಿನ್ನ ಕಥೆಗೆ ಒಂದು ಸೊಳ್ಳೆ ಸಾಯ್ಸೋ ತಾಕತ್ತೂ ಇಲ್ಲ. ಇಷ್ಟು ವರ್ಷ ಸುಮ್ನೆ ಹೆದರಿದ್ದೆ ನಾನು."

ಇಸಬೆಕ್ ಅರ್ಥವಾಗದೆ ನಿಂತ. ಅವಳು ಕೈಯ ಮೊಸರು ಒರೆಸಿಕೊಂಡು, ಗಲ್ಲದಿಂದ ಹುಡುಗಿಯ ಕಡೆ ತೋರಿಸಿದಳು:

"ಹೇಳ್ಕೋ ಹೋಗು ಅದೇನು ಹೇಳ್ಬೇಕೋ. ಆ ಹುಡುಗಿಯಾದ್ರೂ ನನ್ನ ಉಂಡೆ ಕದಿಯೋದು ಬಿಡತ್ತೆ."

ಅವನು ಹಗ್ಗದ ರಾಶಿಯ ಮೇಲೆ ಮೆಲ್ಲಗೆ ಕೂತ. ಚಿನಾರ್ ಬಂದು ಎದುರಿಗೆ ಕೂತಳು. ನಾನು ಕುದುರೆಯ ಗೊರಸು ನೋಡುವವನ ಹಾಗೆ ಬಗ್ಗಿದೆ. ಅವನಿಗೆ ಬೇರೆ ಕಥೆ ಎಲ್ಲಿಂದ ಬರಬೇಕು? ಅದೇ ಕುದುರೆಯಿಂದ ಶುರುಮಾಡಿದ. ಹಟಮಾರಿ, ಆದರೆ ಒಳ್ಳೆಯದು. ಕೈಯಿಂದಲೇ ತಿಂದು ಬೆಳೆದದ್ದು. ಕತ್ತು ತಿರುಗಿಸದೆ ಹೋಯಿತು. ಘಾಟಿಯ ಕಡೆ ನೋಡಿದೆ, ಹೊಳೆಯ ಕಲ್ಲುಗಳ ನಡುವೆ ನೋಡಿದೆ. ಅಷ್ಟಕ್ಕೆ ಅವನ ದನಿ ತಾನಾಗಿ ಇಳಿಯಿತು. ಕೈ ಟೋಪಿಗೆ ಹೋಯಿತು. ತಲೆ ತಗ್ಗಿಸಿ ಸುಮ್ಮನಾದ. ಕಾಯುತ್ತಿದ್ದ, ಅಳು ಏಳಲಿ ಎಂದು. ಅವನಿಗೆ ಅದು ತಿಳಿದಿತ್ತೋ ಇಲ್ಲವೋ.

ಚಿನಾರ್ ಮೊಣಕಾಲಿನ ಮೇಲಿನ ಇರುವೆಯನ್ನು ಊದಿ ಹಾರಿಸಿದಳು.

"ಆಮೇಲೆ?"

ಅವನು ನನ್ನ ಕಡೆ ನೋಡಿದ. ನಾನು ಗೊರಸನ್ನು ಇನ್ನೂ ಗಮನವಿಟ್ಟು ನೋಡಿದೆ.

"ಆಮೇಲೆ, ಬಂತು," ಎಂದ.

"ಹೆಂಗೆ ಬಂತು?"

"ಒಬ್ಬ ಸತ್ತವನನ್ನ ಹೊತ್ಕೊಂಡು ಬಂತು."

"ಸತ್ತವನು ಏನಂದ?"

ಇಸಬೆಕ್ ಹಣೆಯ ಬೆವರು ಒರೆಸಿಕೊಂಡ. "ಹಸಿವು ಅಂದ. ತನ್ನ ತಿಥಿ ಊಟದಲ್ಲಿ ತಾನೇ ಕೂತು ಮೂರು ಸಲ ಬಡಿಸ್ಕೊಂಡ."

ಮೂರು ಸಲ ಎಂಬುದು ಸುಳ್ಳು. ಆದರೆ ಹುಡುಗಿ ನಕ್ಕಳು. ಹಗ್ಗದ ರಾಶಿಯ ಮೇಲೆ ಹೊರಳಿ, ಬಿದ್ದುಹೋದ ಹಲ್ಲಿನ ಕಿಂಡಿ ಕಾಣುವ ಹಾಗೆ ನಕ್ಕಳು. ಕೆಂಜೆ ಉಂಡೆ ಕಟ್ಟುವುದನ್ನು ನಿಲ್ಲಿಸಿ, ಮತ್ತೆ ಕಟ್ಟತೊಡಗಿದಳು. ಇಸಬೆಕ್ ಮೊಮ್ಮಗಳ ಬಾಯನ್ನೇ ನೋಡುತ್ತಿದ್ದ, ಬೇರೆ ಯಾರೋ ನಗಿಸಿದ್ದಾರೆ ಎಂಬ ಹಾಗೆ.

ನಗು ಮುಗಿದ ಮೇಲೆ ಅವಳು ಎದ್ದು ಕೂತು ಅವನ ಕೋಟಿನ ತುದಿ ಹಿಡಿದಳು. "ಆಮೇಲೆ?"

"ಅಷ್ಟೇ."

"ಕುದುರೆ?"

ಕುದುರೆ ಹುಲ್ಲು ತಿಂದಿತು ಎಂದ. ಆಮೇಲೆ? ನೀರು ಕುಡಿಯಿತು. ಆಮೇಲೆ? ಅವನು ನನ್ನ ಕಡೆ ಬಾಗಿ ಮೆಲುದನಿಯಲ್ಲಿ ಹೇಳಿದ:

"ಸಾವಿನ ಕೆಲಸಾನೇ ಹಗುರ ಕಣೋ ಜಪಾರ್. ಅಲ್ಲಿ ಯಾರೂ ಆಮೇಲೆ ಅನ್ನಲ್ಲ."

ಸಾವಿನ ಕೆಲಸ ಅವನನ್ನು ಬಿಡಲಿಲ್ಲ. ಬಿಡಿಸಿಕೊಳ್ಳುವ ಶಕ್ತಿ ಅವನಲ್ಲೂ ಇರಲಿಲ್ಲ, ಬೇರೆ ಯಾರೂ ಮುಂದೆ ಬರಲೂ ಇಲ್ಲ. ನನ್ನ ವಿಷಯದಲ್ಲಿ ತಪ್ಪಿತು ಎಂದು ಜನ ಅವನನ್ನು ನಂಬುವುದನ್ನೇನೂ ಬಿಡಲಿಲ್ಲ. ಜಪಾರನನ್ನು ಸಾವು ರುಚಿ ನೋಡಿ ಉಗಿಯಿತು ಎಂದರು ಅಷ್ಟೇ. ಈಗ ಸುದ್ದಿ ಜೇಬಿನ ಫೋನಿನಲ್ಲೇ ಗುಂಯ್‌ಗುಟ್ಟುತ್ತದೆ, ಯಾರಿಗೂ ಯಾವ ಆಡೂ ಬೇಕಿಲ್ಲ. ಆಗ ಅವನು ಮುದಿ ಬೆನ್ನು ಬಗ್ಗಿಸಿಕೊಂಡು ಕುದುರೆಯ ಮೇಲೆ ಕೂತು ಕಣಿವೆ ಕಣಿವೆ ಅಲೆಯುತ್ತಿದ್ದ. ನಾಯಿಗಳು ಮಲಗುತ್ತಿದ್ದವು. ವಾಪಸು ಬಂದು, ಕೆಂಜೆ ಬೇಡವೆಂದರೂ ಹೊಳೆಯಲ್ಲಿ ಬಾಯಿ ಮುಕ್ಕಳಿಸಿ, ಹಗ್ಗದ ರಾಶಿಯ ಮೇಲೆ ಕೂತರೆ ಚಿನಾರ್ ತಯಾರಾಗಿರುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಹೋದಾಗ ಅವನು ಯಾವುದೋ ದೂರದ ಮನೆಯಿಂದ ಆಗಷ್ಟೇ ಬಂದಿದ್ದ. ಬೂಟೂ ಕಳಚಿರಲಿಲ್ಲ. ಎರಡು ಬಾತುಗಳ ಕಥೆ ಹೇಳುತ್ತಿದ್ದ, ಅದೇ ಹಳೆಯದು. ಹಿಂದಿನ ಬಾತಿಗೆ ತನ್ನ ರೆಕ್ಕೆಯ ಸದ್ದು ಮಾತ್ರ ಕೇಳಿತು ಎಂಬಲ್ಲಿಗೆ ಬಂದು ನಿಂತ. ಹುಡುಗಿ ಆಮೇಲೆ ಎಂದಳು. ಕೋಟು ಹಿಡಿದು ಅಲ್ಲಾಡಿಸಿದಳು. ಅವನ ಗದ್ದ ಎದೆಗೆ ತಾಗಿತ್ತು, ಉಸಿರು ನಿಧಾನವಾಗಿ ಏರಿ ಇಳಿಯುತ್ತಿತ್ತು.

ಅವಳು ಕೈ ಬಿಟ್ಟು ನನ್ನ ಕಡೆ ಸರಿದು, ಅಜ್ಜನಿಗೆ ಎಚ್ಚರವಾಗದ ಹಾಗೆ ಪಿಸುಗುಟ್ಟಿದಳು:

"ಆಮೇಲೆ ಅದು ನೀರಿಗೆ ಇಳೀತು. ಅಲ್ಲಿ ಮುಂದಿನ ಬಾತು ಮೊದಲೇ ಇಳಿದು ಕಾಲು ತೊಳ್ಕೊತಿತ್ತು. ಎಷ್ಟೊತ್ತು ಕಾಯೋದು ನಿಂಗೆ ಅಂತ ಬೈತು."

ನಾನು ಆಮೇಲೆ ಎಂದು ಕೇಳಿದೆ.